ಪೆನ್ನು ಒಂದು ಸಲ ಕುಟ್ಟಿದರೆ ತಮಾಷೆ

ಸ್ಲೋಟರ್‌ಡೈಕ್‌ನ ಆಫೀಸಿನಲ್ಲಿ ನನಗೆ ಸಂಬಳ ಬರುತ್ತಿದ್ದದ್ದು ಒಂದು ಕೆಲಸಕ್ಕೆ, ನಾನು ಮಾಡುತ್ತಿದ್ದದ್ದು ಎರಡು. ಎರಡನೆಯದು, ನಮ್ಮ ಡಚ್ ಬಾಸ್ ಯಾವಾಗ ತಮಾಷೆ ಮಾಡುತ್ತಿದ್ದಾರೆ, ಯಾವಾಗ ಇಲ್ಲ ಎಂದು ಪಕ್ಕದ ಕುರ್ಚಿಯ ಅಮೆರಿಕದ ಗೆಳತಿಗೆ ತಿಳಿಸುವುದು.

ಅದು ಶುರುವಾದದ್ದು ಅವಳ ಮೊದಲ ಪ್ರೆಸೆಂಟೇಶನ್ ದಿನ. ಅವಳು ಚೆನ್ನಾಗಿಯೇ ಮಾತಾಡಿದ್ದಳು. ಬಾಸ್ ಬಸ್ಸಿನ ವೇಳಾಪಟ್ಟಿ ಓದುವವರ ಮುಖ ಮಾಡಿಕೊಂಡು, "ಕೆಟ್ಟದಾಗೇನಿಲ್ಲ" ಅಂದರು. ಅವಳು ಬಾತ್‌ರೂಮಿಗೆ ಹೋಗಿ ಅತ್ತಳು. ಈ ಊರಲ್ಲಿ ಅದು ಪದಕ ಕೊಟ್ಟ ಹಾಗೆ ಎಂದು ನಾನು ಹೋಗಿ ಸಮಾಧಾನ ಮಾಡಬೇಕಾಯಿತು. ಇನ್ನೊಂದು ದಿನ ಅವಳು ಒಂದು ಅಂಕಿ ತಪ್ಪು ಹೇಳಿದಾಗ ಬಾಸ್, "ಪರವಾಗಿಲ್ಲ, ಸ್ಕಿಪೋಲ್‌ನಿಂದ ನಿಮ್ಮೂರಿಗೆ ದಿನಾ ವಿಮಾನ ಇದೆ" ಅಂದರು. ಅದೇ ಮುಖ. ಅವಳು ಬಿಳಿಚಿಕೊಂಡಳು. ಆವತ್ತೇ ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು: ನಾನು ಪೆನ್ನಿನಿಂದ ಮೇಜನ್ನು ಒಂದು ಸಲ ಕುಟ್ಟಿದರೆ ತಮಾಷೆ, ಎರಡು ಸಲ ಕುಟ್ಟಿದರೆ ನಿಜ. ನಾನು ಕುಟ್ಟುವುದು, ಅವಳು ನಗುವುದು. ಒಂದು ವರ್ಷ ಹೀಗೇ ನಡೆಯಿತು.

ಇದು ಯಾಕೆ ಹೀಗೆ ಎಂಬ ಹುಳ ನನ್ನ ತಲೆ ಹೊಕ್ಕಿತ್ತು. ಅವಳು ಜೋಕ್ ಹೇಳುವ ಮೊದಲೇ, "ಒಂದು ಫನ್ನಿ ವಿಷಯ ಕೇಳು" ಅನ್ನುತ್ತಾಳೆ. ಮುಗಿದ ಮೇಲೆ "ಜಸ್ಟ್ ಕಿಡ್ಡಿಂಗ್" ಅನ್ನುತ್ತಾಳೆ. ಆಡಿಕೊಳ್ಳುವುದೂ ಹೆಚ್ಚಾಗಿ ತನ್ನನ್ನೇ. ಬಾಸ್‌ನ ಜೋಕಿಗೆ ಮುನ್ನುಡಿಯೂ ಇಲ್ಲ, ಕೊನೆನುಡಿಯೂ ಇಲ್ಲ. ಜೋಕು ದೊಡ್ಡದಾದಷ್ಟೂ ಅವರ ಮುಖ ಇನ್ನಷ್ಟು ಸತ್ತಿರುತ್ತದೆ. ಎಲ್ಲೆಲ್ಲಿಂದಲೋ ಬಂದವರು ತುಂಬಿದ ಅವಳ ಅಷ್ಟು ದೊಡ್ಡ ದೇಶದಲ್ಲಿ ಜೋಕಿಗೂ ಲೇಬಲ್ ಹಚ್ಚದಿದ್ದರೆ ಹೊಡೆದಾಟ ಆದೀತು, ಈ ಪುಟ್ಟ ದೇಶದಲ್ಲೋ ಚಿಕ್ಕಂದಿನಿಂದ ಎಲ್ಲರೂ ಒಂದೇ ಡೈಕಿನ ಏರಿಯ ಮೇಲೆ ಸೈಕಲ್ ತುಳಿದವರು, ಲೇಬಲ್ ಯಾರಿಗೆ ಬೇಕು ಎಂಬುದು ನನ್ನ ಸಿದ್ಧಾಂತ. ಸ್ಕಿಪೋಲ್ ಪಕ್ಕದ ಬಾಡ್‌ಹೂವೆಡಾರ್ಪ್‌ನ ನಮ್ಮ ಮನೆಯಲ್ಲಿ ಇದನ್ನು ಗಂಡನಿಗೆ ವಿವರಿಸಲು ಹೋದಾಗಲೆಲ್ಲ ತಲೆಯ ಮೇಲೊಂದು ವಿಮಾನ ಹೋಗುತ್ತಿತ್ತು. ಅವರು ಕೇಳಿಸಲಿಲ್ಲ ಎಂದು ಕೈಯಾಡಿಸುತ್ತಿದ್ದರು.

ನಾನು ದಾವಣಗೆರೆಯವಳು, ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ನಮ್ಮ ಮದುವೆಗಳಲ್ಲಿ ಅತ್ತೆ, ಚಿಕ್ಕಮ್ಮಂದಿರು ಢೋಲಕ್ ಹಿಡಿದು ಕೂತರೆ ಬೀಗರ ಕಡೆಯವರ ಮಾನ ಹರಾಜು. ಬೀಗಿತ್ತಿಯ ಮೂಗು, ಮದುಮಗನ ಸೋದರಮಾವನ ಹೊಟ್ಟೆ, ಯಾವುದನ್ನೂ ಬಿಡುತ್ತಿರಲಿಲ್ಲ. ಯಾರ ಮೇಲೆ ಹಾಡು ಕಟ್ಟಲಿಲ್ಲವೋ ಅವರು ಮುನಿಸಿಕೊಳ್ಳುತ್ತಿದ್ದರು. ಕಾಲೆಳೆಸಿಕೊಂಡವರೇ ನಮ್ಮವರು ಎಂದು ತಿಳಿದು ಬೆಳೆದವಳು ನಾನು.

ಹಾಗಾಗಿ ಡಿಸೆಂಬರ್‌ನ ಸಿಂಟರ್‌ಕ್ಲಾಸ್ ಸಂತನ ಹಬ್ಬಕ್ಕೆ ಆಫೀಸಿನಲ್ಲಿ ಚೀಟಿ ಎತ್ತಿದಾಗ ನನಗೆ ಗೆಳತಿಯ ಹೆಸರು ಬಂದದ್ದು ಕಂಡು ಕುಣಿದುಬಿಟ್ಟೆ. ಪದ್ಧತಿ ಇಷ್ಟೇ: ಚೀಟಿಯಲ್ಲಿ ಬಂದವರಿಗೆ ಒಂದು ಸಣ್ಣ ಉಡುಗೊರೆ, ಜೊತೆಗೆ ಅವರ ಕಾಲೆಳೆಯುವ ಒಂದು ಪ್ರಾಸದ ಪದ್ಯ. ಕೆಳಗೆ ಸಂತನ ಸಹಿ, ಬರೆದವರ ಹೆಸರಿಲ್ಲ. ಪಡೆದವರು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು.

ಅಡುಗೆಮನೆಯ ಮೇಜಿಗೆ ಕೂತು ಇಂಗ್ಲಿಷಿನಲ್ಲಿ ಬರೆದೆ. ಪ್ರಾಸಕ್ಕೆ ಮಗಳು ಸಹಾಯ ಮಾಡಿದಳು. ಇಡೀ ಪದ್ಯ ಗೆಳತಿಯ ನಗುವಿನ ಮೇಲೆ. ಕೊನೆಯ ಎರಡು ಸಾಲಲ್ಲಿ, ಪಕ್ಕದ ಪೆನ್ನು ಅಪ್ಪಣೆ ಕೊಡದೆ ಆ ನಗು ಹೊರಡುವುದೇ ಇಲ್ಲ ಎಂದೆ. ಮಗಳು ಓದಿ ಹುಬ್ಬು ಗಂಟಿಕ್ಕಿ ಡಚ್‌ನಲ್ಲಿ, ಅದು ನಿಮ್ಮಿಬ್ಬರ ಗುಟ್ಟಲ್ಲವಾ ಎಂದು ಕೇಳಿದಳು.

"ಅದಕ್ಕೇ ಕಣೇ ಮಜಾ!" ಅಂದೆ.

ಹಬ್ಬದ ದಿನ ಆಫೀಸಿನಲ್ಲಿ ಗೆಳತಿ ಪದ್ಯ ಓದಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೂರು ವರ್ಷದಲ್ಲಿ ಮೊದಲ ಸಲ ಬಾಸ್‌ನ ಹಲ್ಲು ನೋಡಿದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ನಾನು ಉಬ್ಬಿಹೋದೆ.

ಸಂಜೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು. "ಬಾಸೇ ಬರೆದಿರೋದು. ಅವರಿಗೆ ಪೆನ್ನಿನ ವಿಷಯ ಮೊದಲಿಂದ್ಲೂ ಗೊತ್ತಿತ್ತು. ವರ್ಷ ಪೂರ್ತಿ ನನ್ನ ನೋಡಿ ಒಳಗೊಳಗೇ ನಗ್ತಿದ್ರು. ನಾನು ಜನವರಿಗೆ ಬೇರೆ ಟೀಮ್ ಕೇಳ್ತೀನಿ. ಇಲ್ಲಿ ನನ್ನ ಕಡೆಯವಳು ಅಂತ ಇದ್ದಿದ್ದು ನೀನೊಬ್ಬಳೇ."

ಈ ದೇಶದಲ್ಲಿ ನನಗೂ ಇದ್ದ ಗೆಳತಿ ಅವಳೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಸಂತ ಬಂದು ಹೇಳುತ್ತಿರಲಿಲ್ಲ. ಆದರೆ ಮಾಡದ ತಪ್ಪಿಗೆ ಬಾಸ್‌ನ ತಲೆ ಕೊಡುವುದೂ ಆಗಲಿಲ್ಲ.

"ಬರೆದಿದ್ದು ನಾನು" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅರ್ಧ ನಕ್ಕಳು. "ಜಸ್ಟ್ ಕಿಡ್ಡಿಂಗ್?" ಎಂದು ಕೇಳಿದಳು. ನಾನು ಹೌದು ಅನ್ನಲಿ ಎಂದು ಕಾಯುತ್ತಿದ್ದಳು.

"ಇಲ್ಲ" ಅಂದೆ. ಟ್ರೇನ್ ಬಂತು, ಹತ್ತಿ ಹೋದಳು.

ಮರುದಿನ ಬಾಸ್‌ಗೂ ಹೇಳಿದೆ. ಅವರು "ಹ್ಮ್" ಅಂದರು, ಅಷ್ಟೇ. ಅವಳ ಬಳಿ ಕ್ಷಮೆ ಕೇಳಿ, ಮದುವೆಯ ಹಾಡುಗಳ ಕಥೆಯನ್ನೆಲ್ಲ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡಳು.

"ಆ ಬೀಗಿತ್ತಿಗೆ ತನ್ನ ಮೇಲೆ ಹಾಡು ಬರುತ್ತೆ ಅಂತ ಮೊದಲೇ ಗೊತ್ತಿರುತ್ತಲ್ವಾ?" ಎಂದು ಕೇಳಿದಳು.

ಗೊತ್ತಿರುತ್ತಿತ್ತು. ಆ ಹಾಡಿಗಾಗಿಯೇ ಅವರು ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದರು. ಇದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಆಮೇಲೆ ಅವಳು ಮೀಟಿಂಗಿನಲ್ಲಿ ನನ್ನ ಪಕ್ಕ ಬಿಟ್ಟು ಎದುರಿನ ಕುರ್ಚಿಯಲ್ಲಿ ಕೂರತೊಡಗಿದಳು. ಬಾಸ್ ಏನಾದರೂ ಅಂದರೆ ಅಭ್ಯಾಸಬಲದಿಂದ ನನ್ನ ಕೈ ಪೆನ್ನಿಗೆ ಹೋಗುತ್ತಿತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಗುತ್ತಿರಲಿಲ್ಲ.

ಜನವರಿ ಬಂತು. ಅವಳು ಬೇರೆ ಟೀಮ್ ಕೇಳಿದ್ದಾಳೋ ಇಲ್ಲವೋ ಎಂದು ವಿಚಾರಿಸುವ ಧೈರ್ಯ ನನಗಿರಲಿಲ್ಲ. ಒಂದು ಬೆಳಿಗ್ಗೆ ಮೀಟಿಂಗಿನಲ್ಲಿ ನನ್ನ ರಿಪೋರ್ಟಿನ ಸರದಿ. ಎರಡು ವಾರ ಕಷ್ಟಪಟ್ಟು ಬರೆದದ್ದು. ಬಾಸ್ ಪುಟ ತಿರುವಿದರು, ಕನ್ನಡಕ ತೆಗೆದರು.

"ಪದ್ಯ ಇದಕ್ಕಿಂತ ಚೆನ್ನಾಗಿತ್ತು" ಅಂದರು.

ವೇಳಾಪಟ್ಟಿಯ ಮುಖ. ನಾನು ಆ ಮುಖದಲ್ಲಿ ಸುಳಿವು ಹುಡುಕಿದೆ, ಎಲ್ಲೂ ಏನೂ ಸಿಗಲಿಲ್ಲ. ಒಂದು ವರ್ಷ ಪೂರ್ತಿ ಇನ್ನೊಬ್ಬರಿಗೆ ಅರ್ಥ ಹೇಳಿಕೊಟ್ಟವಳಿಗೆ, ತನ್ನ ಮೇಲೆ ಬಂದಾಗ ತಮಾಷೆಯೋ ನಿಜವೋ ತಿಳಿಯಲಿಲ್ಲ. ಕಕ್ಕಾಬಿಕ್ಕಿಯಾಗಿ ಎದುರಿಗೆ ನೋಡಿದೆ.

ಅವಳು ನಿಧಾನವಾಗಿ ಪೆನ್ನು ಕೈಗೆತ್ತಿಕೊಂಡಳು. ಟಕ್.

ತಮಾಷೆ. ಹೋದ ಜೀವ ಬಂದಂತಾಯಿತು. ನಗಲು ಬಾಯಿ ತೆರೆದೆ.

ಟಕ್.

ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅವಳ ಕಡೆ ನೋಡಿದರೆ ಅವಳದೂ ಅದೇ ವೇಳಾಪಟ್ಟಿಯ ಮುಖ, ಬಾಸ್‌ನದಕ್ಕಿಂತ ಒಂದು ಕೈ ಮೇಲು. ನಾನು ಕಾದೆ. ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಕಾದೆ. "ಜಸ್ಟ್ ಕಿಡ್ಡಿಂಗ್" ಬರಲೇ ಇಲ್ಲ. ಅವಳು ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯತೊಡಗಿದಳು. ಭುಜ ಮಾತ್ರ ಕುಲುಕುತ್ತಿತ್ತು.