ಶಾಂತಮ್ಮನ ವಾರ್ಡಿನ ಕರೆಗಂಟೆ

ದೆಹಲಿಯ ಆ ವರ್ಷಗಳು ನೆನಪಾದಾಗಲೆಲ್ಲ ಲಾವಣ್ಯಾಳ ಕಣ್ಣಿಗೆ ಮೊದಲು ಕಟ್ಟುವುದು ಘಾಜಿಯಾಬಾದ್‌ನ ನರ್ಸಿಂಗ್ ಹೋಮೊಂದರ ಹೆಂಗಸರ ವಾರ್ಡು. ಫಿನೈಲಿನ ವಾಸನೆ, ಕಿಟಕಿಯಲ್ಲಿ ಗುಡುಗುಡಿಸುವ ಕೂಲರ್, ಅದರೊಳಗಿನ ಒದ್ದೆ ಹುಲ್ಲಿನ ತಂಪು.

ಅದು 2008ರ ಬೇಸಿಗೆ. ಹೊಸಪೇಟೆಯಿಂದ ಎಂ.ಟೆಕ್. ಓದಲು ಬಂದಿದ್ದ ಲಾವಣ್ಯಾ, ಓದು ಮುಗಿದರೂ ಮುನಿರ್ಕಾದ ಕೋಣೆ ಬಿಡದೆ, ಅಲ್ಲಿಂದಲೇ ನೋಯ್ಡಾದ ಪುಟ್ಟ ಕಂಪನಿಯೊಂದಕ್ಕೆ ಬಸ್ಸು ಬದಲಿಸಿ ಹೋಗಿಬರುತ್ತಿದ್ದಳು. ಆ ಕಂಪನಿಯವರು ಆಸ್ಪತ್ರೆಗಳಿಗೆ ಕರೆಗಂಟೆ ಮಾಡುತ್ತಿದ್ದರು. ರೋಗಿ ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ನರ್ಸಿನ ಮೇಜಿನ ಮೇಲಿನ ಫಲಕದಲ್ಲಿ ದೀಪ ಹೊತ್ತಿ ಸದ್ದಾಗಬೇಕು.

ಗುಂಡಿಗಳೆಲ್ಲ ಒಂದು ಸಣ್ಣ ಚಿಪ್‌ಗೆ ಸೇರಿದ್ದವು. ಯಾವುದನ್ನು ಒತ್ತಿದರೂ ಚಿಪ್ ಒಂದೇ ತಂತಿಯ ವಿದ್ಯುತ್ ಮಟ್ಟವನ್ನು ಕೆಳಗಿಳಿಸಿ ಪ್ರೊಸೆಸರನ್ನು ಎಚ್ಚರಿಸುತ್ತಿತ್ತು; ಚಿಪ್ಪನ್ನು ಓದಿದ ಮೇಲೆಯೇ ಅದು ಮತ್ತೆ ಮೇಲೇರುವುದು. ಯಾವ ಗುಂಡಿ ಎಂದು ಚಿಪ್ಪನ್ನೇ ಕೇಳಬೇಕು. ಉತ್ತರ ಬರುವುದು ನಿಧಾನ, ಅಷ್ಟು ಹೊತ್ತು ಪ್ರೋಗ್ರಾಮು ಮಲಗಿ ಕಾಯಬೇಕು. ಆದರೆ ಎಚ್ಚರಿಕೆ ಬಂದ ಗಳಿಗೆಯಲ್ಲೇ ಮಲಗಲು ಕರ್ನಲ್, ಅಂದರೆ ಎಲ್ಲ ಪ್ರೋಗ್ರಾಮುಗಳನ್ನೂ ನಡೆಸುವ ಮೂಲ ತಂತ್ರಾಂಶ, ಬಿಡುವುದಿಲ್ಲ. ಹಾಗಾಗಿ ಲಾವಣ್ಯಾ, ಎಚ್ಚರಿಕೆ ಬಂದಾಗ ಗುರುತು ಹಾಕಿಕೊಂಡು, ಕೇಳುವ ಕೆಲಸವನ್ನು ತುಸು ಆಮೇಲೆ ಮಾಡುವಂತೆ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ಪ್ರೋಗ್ರಾಮು, ಬರೆದಿದ್ದಳು. ಅವಳು ಸ್ವಂತವಾಗಿ ಬರೆದ ಮೊದಲ ಡ್ರೈವರ್ ಅದು. ಆಫೀಸಿನ ಮೇಜಿನ ಮೇಲೆ ಚೆನ್ನಾಗಿಯೇ ಓಡಿತು.

ವಾರ್ಡಿನಲ್ಲಿ ಮಾತ್ರ ಆಗಾಗ ಫಲಕ ಮೂಕವಾಗುತ್ತಿತ್ತು. ಸ್ವಿಚ್ ಆರಿಸಿ ಹಾಕುವ ತನಕ ಯಾವ ಗುಂಡಿಯೂ ಕೆಲಸ ಮಾಡುತ್ತಿರಲಿಲ್ಲ. ನೋಡಿಬರಲೆಂದು ಹೋಗಿ ಕೂತ ಮಧ್ಯಾಹ್ನ ಅವಳ ಕಣ್ಣೆದುರೇ ಹಾಗಾಯಿತು.

"ಅಯ್ಯೋ, ಮತ್ತೆ ಸತ್ತುಹೋಯ್ತಲ್ಲ!" ಎಂದು ಕನ್ನಡದಲ್ಲೇ ಉದ್ಗರಿಸಿದಳು.

"ಆಸ್ಪತ್ರೇಲಿ ಕೂತು ಆ ಮಾತು ಆಡ್ತಾರೇನಮ್ಮ?" ಎಂದು ಬೆನ್ನ ಹಿಂದಿನಿಂದ ಕನ್ನಡದಲ್ಲೇ ಗದರಿಕೆ ಬಂತು.

ಹೆಡ್ ನರ್ಸ್ ಶಾಂತಮ್ಮ, ಕೋಲಾರದವರು. ಇಷ್ಟು ದಿನ ಇಬ್ಬರೂ ಫೋನಿನಲ್ಲಿ ಹರಕು ಮುರುಕು ಹಿಂದಿಯಲ್ಲಿ ಜಗಳವಾಡಿದ್ದರು. ಈಗ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು.

"ಸಿಸ್ಟರ್, ಇದು ಯಾವಾಗ ಹೀಗಾಗುತ್ತೆ?"

"ಚಹಾ ಬಂದಾಗಲೇ. ಆ ಇಬ್ಬರು ಮುದುಕೀರನ್ನ ನೋಡು. ನಂಗೆ ಮೊದಲು, ನಂಗೆ ಮೊದಲು ಅಂತ ಒಟ್ಟಿಗೇ ಒತ್ತುತ್ತಾರೆ."

ಲಾವಣ್ಯಾಳಿಗೆ ಥಟ್ಟನೆ ಹೊಳೆಯಿತು. ಮೇಜಿನ ಮುಂದೆ ಅವಳು ಒಬ್ಬಳೇ ಕೂತು ಒಂದೊಂದೇ ಗುಂಡಿ ಒತ್ತಿ ನೋಡಿದ್ದಳು. ಒಂದನ್ನು ಓದುತ್ತಿರುವಾಗಲೇ ಇನ್ನೊಂದನ್ನು ಒತ್ತಿದರೆ ಎಚ್ಚರಿಕೆಯ ತಂತಿ ಕೆಳಗೇ ಉಳಿಯುತ್ತಿತ್ತು. ಅವಳ ಡ್ರೈವರ್ ಕಾಯುತ್ತಿದ್ದದ್ದು ತಂತಿ ಹೊಸದಾಗಿ ಕೆಳಗಿಳಿಯುವುದನ್ನು. ಇಳಿದೇ ಇರುವ ತಂತಿ ಮತ್ತೆ ಇಳಿಯುವುದೆಲ್ಲಿಂದ ಬಂತು?

ಮರುದಿನ ಬೀದರಿನ ಏಕನಾಥನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕಂಪನಿಯಲ್ಲಿ ಅವನೊಬ್ಬನೇ ಕನ್ನಡದ ಗೆಳೆಯ. ಅವನು ಒಂದು ಗುಂಡಿ, ಇವಳು ಇನ್ನೊಂದು. ಸಂಜೆಯೊಳಗೆ ಫಲಕ ಎಷ್ಟೋ ಸಲ ಮೂಕವಾಯಿತು, ತಪ್ಪು ಕೈಗೆ ಸಿಕ್ಕ ಖುಷಿಗೆ ಪ್ರತಿ ಸಲವೂ ಇಬ್ಬರೂ ಕುಣಿದಾಡಿದರು. ಆಮೇಲೆ ಡ್ರೈವರನ್ನು ತಿದ್ದಿದಳು: ಎಚ್ಚರಿಕೆ ಬಂದೊಡನೆ ಆ ತಂತಿಗೆ ಕಿವಿ ಮುಚ್ಚುವುದು, ನಿಧಾನವಾಗಿ ಚಿಪ್ಪನ್ನು ಓದಿ ಮುಗಿಸುವುದು, ನಂತರ ಕಿವಿ ತೆರೆಯುವುದು. ತಂತಿ ಇನ್ನೂ ಕೆಳಗಿದ್ದರೆ ಮತ್ತೆ ಓದುವುದು.

ಹೊಸದನ್ನು ಹಾಕಿದ ದಿನ ಶಾಂತಮ್ಮ ತಾವೇ ಖಾಲಿ ಹಾಸಿಗೆಯೊಂದರ ಮೇಲೆ ಮಲಗಿ, ಪಕ್ಕದ ಹಾಸಿಗೆಯಲ್ಲಿ ಲಾವಣ್ಯಾಳನ್ನು ಮಲಗಿಸಿದರು.

"ಹೂಂ, ಒತ್ತು!"

ಎರಡೂ ದೀಪ ಹೊತ್ತಿದವು. ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ಮುದುಕಿಯರಿಬ್ಬರೂ ಬಿದ್ದು ಬಿದ್ದು ನಕ್ಕರು.

"ಅಚ್ಛಾ, ಈಗ ಏಳು. ಊಟ ಮಾಡ್ಕೊಂಡು ಹೋಗು. ಹುಳಿ ತಂದಿದ್ದೀನಿ," ಎಂದರು ಶಾಂತಮ್ಮ.

ಆಮೇಲೆ ಭಾನುವಾರಗಳಲ್ಲಿ ಕೆಲಸವಿಲ್ಲದಿದ್ದರೂ ಅವಳು ಘಾಜಿಯಾಬಾದ್ ರೈಲು ಹತ್ತುತ್ತಿದ್ದಳು. ಶಾಂತಮ್ಮ ನಿವೃತ್ತರಾಗಿ ಕೋಲಾರಕ್ಕೆ ಹೊರಟಾಗ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋಗಿ ಕಳಿಸಿಬಂದಳು. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಆಮೇಲೆ ಅವಳು ಇದಕ್ಕಿಂತ ಎಷ್ಟೋ ದೊಡ್ಡ ಯಂತ್ರಗಳಿಗೆ ಡ್ರೈವರ್ ಬರೆದಳು. ಪರೀಕ್ಷಿಸಲು ಪಕ್ಕದಲ್ಲಿ ಮಲಗಿ "ಒತ್ತು" ಎನ್ನುವವರು ಮಾತ್ರ ಮತ್ತೆ ಸಿಗಲಿಲ್ಲ.