ಹಗೇವಿನಲ್ಲಿ ಮರಿ ಹಾಕಿದ ಬೆಕ್ಕು

ನಿಜಾಮನ ರಾಜ್ಯ ಇನ್ನೂ ಇದ್ದ ಕಾಲ. ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ನಮ್ಮ ಹಳ್ಳಿಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ತೋಡಿದ ಕಣಜ ಅದು; ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಅಗಲ. ಹೊಸ ಜೋಳ ಹಾಕುವ ಮೊದಲು ಮುಚ್ಚಿದ ಬಂಡೆ ಸರಿಸಿ ಕೆಲವು ದಿನ ಗಾಳಿಗೆ ಬಿಡುವುದು ವಾಡಿಕೆ. ಹಾಗೆ ಬಿಟ್ಟಿದ್ದ ನಮ್ಮ ಹಗೇವಿನಿಂದ ಒಂದು ಮಧ್ಯಾಹ್ನ ಸಣ್ಣ ದನಿ ಕೇಳಿಸಿತು. ಲಂಗ ಉಡುವ ವಯಸ್ಸಿನ ನಾನು ನೆಲಕ್ಕೆ ಕಿವಿ ಹಚ್ಚಿ ಮಲಗಿದೆ. ಕಾದ ಮಣ್ಣಿನ ಅಡಿಯಲ್ಲಿ ಭೂಮಿಯೇ ನಿದ್ದೆಗಣ್ಣಲ್ಲಿ ಕುಂಯ್ಗುಟ್ಟಿದ ಹಾಗಿತ್ತು.

ಓಡಿಹೋಗಿ ಸೋದರತ್ತೆಯನ್ನು ಕರೆದೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮಾತು ಕಡಿಮೆ. ಅವ್ವನ ಕನ್ನಡಿ ತಂದು ಬಿಸಿಲನ್ನು ಒಳಗೆ ಇಳಿಬಿಟ್ಟಳು. ಬೆಳಕಿನ ತುಂಡು ಗೋಡೆಯ ಮೇಲೆ ಈಜುತ್ತ ಇಳಿದು, ಎರಡು ಹಸಿರು ಕಣ್ಣುಗಳ ಮೇಲೆ ನಿಂತಿತು. ಜಾಲಿಕಂಟಿಯಲ್ಲಿ ತಿರುಗುತ್ತಿದ್ದ ಬೂದು ಬೆಕ್ಕು! ಇಲಿಯ ಬೆನ್ನು ಹತ್ತಿ ಜಿಗಿದಿರಬೇಕು. ಮೇಲೆ ಬರಲಾಗದೆ ಅಲ್ಲೇ ಮರಿ ಹಾಕಿತ್ತು.

ಅಷ್ಟರಲ್ಲಿ ಅಪ್ಪ ಜೋಳ ಹೇರಿದ ಬಂಡಿಗಳೊಂದಿಗೆ ಬಂದ. ಮಸ್ಕಿ ಗುಡ್ಡದ ಕಡೆ ಮೋಡ ಕಟ್ಟಿತ್ತು.

"ಆಳು ಇಳಿಸಿ ಗೋಣಿಚೀಲದಾಗ ಹಿಡಿಸ್ತೀನಿ," ಅಂದ.

"ಬ್ಯಾಡಣ್ಣ. ಮನಿಷ್ಯಾರನ್ನ ಕಂಡ್ರ ಬೆದರಿ ಮರಿ ತುಳೀತೈತಿ. ಹಾದಿ ಮಾಡಿಕೊಟ್ರ ತಾನ ಒಯ್ತೈತಿ," ಅಂದಳು ಅತ್ತೆ.

"ಮಳಿ ಬಂದ್ರ ಜ್ವಾಳ ನೆನೀತೈತೆಲ್ಲ ತಂಗಿ?"

"ನೆನದ್ರ ನಾನ ಒಣಗಸ್ತೀನಿ."

ಅವಳು ಅಣ್ಣನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಅವಳ ಮುಖ ನೋಡಿ, ಎತ್ತುಗಳ ನೊಗ ಬಿಚ್ಚಿಸಿದ.

ಬೇವಿನ ಉದ್ದನೆಯ ಟೊಂಗೆಗೆ ಗೋಣಿತಟ್ಟು ಸುತ್ತಿ, ಉಗುರಿಗೆ ಹಿಡಿತ ಸಿಗುವಂತೆ ಬಿಗಿದು, ಹಗೇವಿನೊಳಗೆ ಇಳಿಸಿದರು. ನಾವೆಲ್ಲ ದೂರ ಸರಿದು ಕೂತೆವು. ಹೊಟ್ಟಿನ ಧೂಳು ಬಿಸಿಲಲ್ಲಿ ಬಂಗಾರದಂತೆ ತೇಲುತ್ತಿತ್ತು. ನನ್ನ ರೆಪ್ಪೆ ಭಾರವಾಗಿ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಬೆಕ್ಕು ಮರಿಯೊಂದನ್ನು ಕಚ್ಚಿಕೊಂಡು ಹಗೇವಿನ ಬಾಯಲ್ಲಿ ನಿಂತಿತ್ತು. ಮೇವಿನ ಬಣವೆಯ ಸಂದಿಗೆ ಹೋಯಿತು, ಮತ್ತೆ ಬಂತು. ಮೂರು ಮರಿ ಸಾಗಿಸಿ ಆಮೇಲೆ ಬರಲೇ ಇಲ್ಲ.

ಕನ್ನಡಿಯ ಬೆಳಕಲ್ಲಿ ನಾಲ್ಕನೆಯದು ಕಂಡಿತು, ಸಪ್ಪಳವಿಲ್ಲ. ಅತ್ತೆ ಕಚ್ಚೆ ಬಿಗಿದು ಹಗ್ಗ ಹಿಡಿದು ತಾನೇ ಇಳಿದಳು. ಮೇಲೆ ಹಗ್ಗದ ತುದಿ ಅಪ್ಪನ ಕೈಯಲ್ಲಿ.

"ತಂಗೀ, ಉಸಿರಾಡಾಕ ಬರತೈತೇನ?"

"ಇಲ್ಲಿ ತಂಪೈತಣ್ಣ," ಅಂತ ಕೆಳಗಿನಿಂದ ದನಿ ಬಂತು. "ಹಳೇ ಜ್ವಾಳದ ವಾಸನಿ. ಅವ್ವನ ಮಡಿಲಾಗ ಕುಂತಂಗಾಗತೈತಿ."

ಅಪ್ಪ ಹಗ್ಗವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

ಸೆರಗಿನಲ್ಲಿ ತಂದ ಮರಿಗೆ ಅತ್ತೆ ಬಾಯುಸಿರಿನಿಂದ ಕಾವು ಕೊಟ್ಟಳು. ಅದು ಮಿಸುಕಿ ಕೂಗಿತು. ಬಣವೆಯ ಬಳಿ ಇಟ್ಟು ಹಿಂದೆ ಸರಿದೆವು. ಬೂದು ತಲೆಯೊಂದು ಹೊರಬಂದು ಅದನ್ನು ಕಚ್ಚಿಕೊಂಡು ಮೇವಿನೊಳಗೆ ಕರಗಿತು.

ನಾಲ್ಕು ಹನಿ ಉದುರಿಸಿ ಮೋಡ ಸಿಂಧನೂರಿನ ಕಡೆ ಹೋಯಿತು. ಆ ಬೇಸಿಗೆಯಿಡೀ ಅತ್ತೆ ಹಾಲಲ್ಲಿ ನೆನೆಸಿದ ರೊಟ್ಟಿ ಬಣವೆಯ ಬಳಿ ಇಡುತ್ತಿದ್ದಳು. ಬೆಕ್ಕು ಅವಳನ್ನು ಒಂದು ದಿನವೂ ಮುಟ್ಟಗೊಡಲಿಲ್ಲ. ಮರಿಗಳು ಮಾತ್ರ ಅವಳು ಬೀಸುವಾಗ ಕಲ್ಲಿನ ಸುತ್ತ ಬಿದ್ದ ಹಿಟ್ಟಿನಲ್ಲಿ ಹೊರಳಾಡಿ, ಬೆಳ್ಳಗಾಗಿ ಓಡುತ್ತಿದ್ದವು. ಅವಳು ನಗುತ್ತಿದ್ದಳು.