ಕ್ಯಾಪ್ಟನ್ನರದಲ್ಲದ ನೀಲಿ ಟೋಪಿ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ಹಿಂಬದಿಯ ಬಾಯ್ಲರ್ ಕೋಣೆಯಲ್ಲಿ ಉಗಿಯಣ್ಣ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ನೋಡುತ್ತಾರೆ, ಬೆಂಕಿ ಹೊತ್ತಿಸುತ್ತಾರೆ, ಪಂಪಿನ ಮೈಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾರೆ. ಅವರಿಗೆ ಕಿವಿ ಕೇಳಿಸದು. "ಇದು ಕೆಮ್ಮಿದ್ರೆ ನನ್ನ ಕೈಗೇ ಗೊತ್ತಾಗುತ್ತೆ" ಎನ್ನುತ್ತಾರೆ. ಆರೂವರೆಯೊಳಗೆ ಉಗಿ ಏರದಿದ್ದರೆ ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮುಟಗಳು ಶುದ್ಧವಾಗುವುದಿಲ್ಲ. ನಾನೂರು ಹಾಸಿಗೆಗಳ ಬಟ್ಟೆ ಒಗೆಯಲಾಗುವುದಿಲ್ಲ. ಮೇಲಿನ ಮಹಡಿಯವರಲ್ಲಿ ಇವರ ಮುಖ ಕಂಡವರು ಎಷ್ಟು ಮಂದಿಯೋ!

ವಯಸ್ಸು ಅರವತ್ತೊಂದು. ಹಿಂದೆ ನೌಕಾಪಡೆಯಲ್ಲಿ ಎಂಜಿನ್ ಕೋಣೆಯ ಕೆಲಸ. ಯುದ್ಧದಲ್ಲಿ ನಲುಗಿದ್ದ ಪರದೇಶದ ಬಂದರಿಗೆ ಶಾಂತಿಪಾಲನೆಗೆಂದು ಹೋದ ಹಡಗಿನಲ್ಲಿ ಏಳು ತಿಂಗಳಿದ್ದರು. ಅಲ್ಲಿನ ಜನಕ್ಕೆ ಕುಡಿಯಲು ಹನಿ ನೀರಿರಲಿಲ್ಲ. ಉಪ್ಪುನೀರನ್ನು ಸಿಹಿಯಾಗಿಸಿ ದಡಕ್ಕೆ ಹರಿಸಿದ್ದು ಇವರ ಕೋಣೆಯ ಯಂತ್ರ. ಒಂದು ಮಧ್ಯಾಹ್ನ ಉಗಿಯ ಕೊಳವೆ ಸಿಡಿಯಿತು. ಉಳಿದವರನ್ನು ಮೇಲೆ ಹತ್ತಿಸಿ, ತಾವು ಹಿಂದೆ ನಿಂತು ಉಗಿ ತಡೆಯುವ ಕವಾಟ ಮುಚ್ಚಿದರು. ಎಡಗೈ ಬೆಂದಿತು, ಎರಡೂ ಕಿವಿ ಹೋದವು. ಹೊರಡುವಾಗ ಶಾಂತಿಪಾಲಕರಿಗೆಲ್ಲ ಕೊಟ್ಟಿದ್ದ ನೀಲಿ ಟೋಪಿಯೊಂದಿಗೆ ಮರಳಿದವರಿಗೆ ನೌಕಾಪಡೆಯ ಕಚೇರಿಯಿಂದ ಬಂದದ್ದು ಒಂದೇ ಸಾಲಿನ ಪತ್ರ: 'ಗಾಯ ಯುದ್ಧದಲ್ಲಿ ಆದದ್ದಲ್ಲ, ಪರಿಹಾರವಿಲ್ಲ.' ಶಾಂತಿ ಕಾಯಲು ಹೋದವನು ಯುದ್ಧದಲ್ಲೇ ಗಾಯಗೊಳ್ಳಬೇಕಿತ್ತಂತೆ!

ಅಷ್ಟಕ್ಕೇ ಮುಗಿಯಲಿಲ್ಲ. ಕಳೆದ ತಿಂಗಳು ನೌಕಾ ವಸ್ತುಪ್ರದರ್ಶನದವರು ಮನೆಗೆ ಬಂದು, ಬೆಣ್ಣೆಯಂಥ ಮಾತಾಡಿ ಟೋಪಿ ಒಯ್ದರು. ಉದ್ಘಾಟನೆಗೆ ಕರೆಯಲಿಲ್ಲ. ರಜೆಯ ದಿನ ಗಂಡ ಹೆಂಡತಿ ಟಿಕೆಟ್ ಕೊಂಡು ಒಳಗೆ ಹೋದರೆ, ಗಾಜಿನ ಪೆಟ್ಟಿಗೆಯಲ್ಲಿದ್ದ ಟೋಪಿಯ ಕೆಳಗೆ ಬರೆದಿತ್ತು: 'ಹಡಗಿನ ಕ್ಯಾಪ್ಟನ್ ಧರಿಸಿದ್ದು.'

"ಇದು ನಂದು" ಎಂದರು ಉಗಿಯಣ್ಣ. ಮೇಲ್ವಿಚಾರಕ ನಕ್ಕ. ಹೆಂಡತಿ ಬಿಡಲಿಲ್ಲ.

"ತೆಗೀರಿ ಹೊರಗೆ! ಇವರ ತಲೆಗೆ ದೊಡ್ಡದಾಗ್ತಿತ್ತು ಅಂತ ಒಳಗೆ ನನ್ನ ಹಳೇ ಲಂಗದ ಪಟ್ಟಿ ಹೊಲಿದಿದೀನಿ, ಹಸಿರು ದಾರದಲ್ಲಿ. ನಿಮ್ಮ ಕ್ಯಾಪ್ಟನ್ ಸಾಹೇಬ್ರಿಗೂ ನಾನೇ ಹೊಲಿದುಕೊಟ್ನಾ?"

ಪೆಟ್ಟಿಗೆ ತೆರೆದರು. ಪಟ್ಟಿಯೂ ಇತ್ತು, ಹಸಿರು ದಾರವೂ ಇತ್ತು. ಮೇಲ್ವಿಚಾರಕ ತಲೆ ಕೆರೆದುಕೊಂಡ. "ತಪ್ಪಾಯ್ತಮ್ಮ. ಆದ್ರೆ ಬಾಯ್ಲರ್‌ನವರ ಟೋಪಿ ಅಂದ್ರೆ ಯಾರು ನೋಡ್ತಾರೆ?"

ಯಾರೂ ನೋಡುವುದಿಲ್ಲವೆಂದು ಈ ಪ್ರದರ್ಶನದವರಿಗೆ ಹೇಳಿದವರು ಯಾರು? ಒಂದು ದಿನವಾದರೂ ತೋರಿಸಿ ನೋಡಿದ್ದಾರೆಯೇ? ಉಗಿಯಣ್ಣ ಮೇಲ್ವಿಚಾರಕನ ಮಾತನ್ನು ಅವನ ತುಟಿಯ ಮೇಲೇ ಓದಿಕೊಂಡರು. ಟೋಪಿ ಎತ್ತಿಕೊಂಡು ಮನೆಗೆ ನಡೆದರು.

ಈಗ ಪ್ರದರ್ಶನದವರು ವಾರಕ್ಕೆರಡು ಸಲ ಹೆಂಡತಿಗೆ ಫೋನ್ ಮಾಡುತ್ತಿದ್ದಾರೆ. ಪೆಟ್ಟಿಗೆ ಖಾಲಿ ಉಳಿದಿದೆಯಂತೆ. ವಾಪಸ್ ಕೊಡುತ್ತೀರಾ ಎಂದು ಬಾಯ್ಲರ್ ಕೋಣೆಯಲ್ಲಿ ಉಗಿಯಣ್ಣನ ಮುಖಕ್ಕೆದುರಾಗಿ ನಿಂತು ನಿಧಾನವಾಗಿ ಕೇಳುತ್ತೇನೆ. ಅವರು ಮಸಿ ಹತ್ತಿದ ಕೈ ಒರೆಸಿಕೊಳ್ಳುತ್ತಾರೆ.

"ಕೊಡೋಣ. ನನ್ನ ಹೆಸರೇನೂ ಬೇಡ ಬಿಡಿ. 'ಎಂಜಿನ್ ಕೋಣೆಯವನದು' ಅಂತ ಬರೀಲಿ, ಸಾಕು. ಹಡಗು ತಂತಾನೇ ನಡೀತಿತ್ತು ಅಂತ ನೋಡೋಕೆ ಬಂದ ಮಕ್ಕಳು ಅಂದ್ಕೋಬಾರದು ನೋಡಿ."